ಪೇಂಟ್ ಒಂದೇ ಬಾಕಿ ಸಾರ್!

ನಾಚಾರಂನಲ್ಲಿ ಏನುಂಟು ಎಂದು ಹೈದರಾಬಾದಿನ ಯಾರನ್ನು ಬೇಕಾದರೂ ಕೇಳಿ. ಇಎಸ್‌ಐ ಆಸ್ಪತ್ರೆ ಉಂಟು, ಎಚ್‌ಎಂಟಿ ನಗರ ಉಂಟು, ಎನ್.ಟಿ. ರಾಮರಾಯರ ಸ್ಟುಡಿಯೋ ಉಂಟು, ಹಗಲೂ ರಾತ್ರಿ ಗಡಗಡ ಎನ್ನುವ ಇಂಡಸ್ಟ್ರಿಯಲ್ ಏರಿಯಾ ಉಂಟು ಅನ್ನುತ್ತಾರೆ. ಇಲ್ಲದ್ದು ಸಮುದ್ರ ಮಾತ್ರ. ಅದನ್ನು ನೋಡಬೇಕಾದರೆ ರಾತ್ರಿ ರೈಲು ಹತ್ತಬೇಕು. ಇಂಥ ಊರಿನ ಒಂದು ಫೈಬರ್ ಶೆಡ್ಡಿನಲ್ಲಿ, ನೀರಿನ ಟ್ಯಾಂಕು, ಕೂಲರ್ ಡಬ್ಬಗಳ ನಡುವೆ, ಹಾಯಿದೋಣಿಯೊಂದು ಬೋರಲು ಮಲಗಿದೆ. ಅದರ ಮಾಲೀಕರು ನಮ್ಮ ಭಾವ.

ಸಮುದ್ರವಿಲ್ಲದ ಊರಿನಲ್ಲಿ ಹಾಯಿದೋಣಿ ಯಾಕೆ ಎಂದು ಕೇಳಬೇಡಿ. ಹುಸೇನ್ ಸಾಗರ ಇದೆಯಲ್ಲ! ಸಿಕಂದರಾಬಾದಿನ ಸೈಲಿಂಗ್ ಕ್ಲಬ್ಬು, ಸೇನೆಯ ಇಎಂಇ ಸೈಲಿಂಗ್ ಅಸೋಸಿಯೇಷನ್ನು ಎಲ್ಲ ಇರುವುದು ಆ ಕೆರೆಯನ್ನೇ ನಂಬಿ. ಮುಂಗಾರಿನ ಗಾಳಿ ಎದ್ದಿತೆಂದರೆ ಅಲ್ಲಿ ದೇಶದ ಮೂಲೆಮೂಲೆಯ ಹುಡುಗರು ಪಂದ್ಯಕ್ಕೆ ಇಳಿಯುತ್ತಾರೆ. ಅದನ್ನು ಟ್ಯಾಂಕ್‌ಬಂಡ್ ಮೇಲೆ ನಿಂತು ನೋಡಿದ ಭಾವನಿಗೆ ರಿಟೈರಾದ ಮೇಲೆ ಹಾಯಿಯ ಹುಚ್ಚು ಹತ್ತಿತು. ಸೆಕೆಂಡ್‌ಹ್ಯಾಂಡ್‌ನಲ್ಲಿ ಒಂದು ಎಂಟರ್‌ಪ್ರೈಸ್ ತಂದರು. ಇಬ್ಬರು ಕೂರುವ, ನೀಲಿ ಹಾಯಿಯ ಈ ದೋಣಿಯನ್ನು ಇಂಗ್ಲೆಂಡಿನ ಜ್ಯಾಕ್ ಹೋಲ್ಟ್ ಎಂಬಾತ ವಿನ್ಯಾಸ ಮಾಡಿದ್ದು 1956ರಲ್ಲಿ. ನಮ್ಮ ಬೀದರ್, ಕಲಬುರಗಿ, ರಾಯಚೂರು ಹೈದರಾಬಾದಿನಿಂದ ಕಳಚಿಕೊಂಡ ವರ್ಷವೂ ಅದೇ. ಭಾವನ ದೋಣಿ ಅದೇ ವರ್ಷದ್ದಲ್ಲವಾದರೂ, ನೋಡಿದರೆ ಏಕೀಕರಣದ ಮೆರವಣಿಗೆಗೆ ಹೋಗಿ ಬಂದಂತಿದೆ.

“ಪೇಂಟ್ ಒಂದು ಹೊಡೆಸಿದರೆ ಸಾಕು” ಎಂದಿದ್ದ ಮಾರಿದವನು. ಆ ‘ಸಾಕು’ ಏನೇನು ಬೇಡಿತು, ಕೇಳಿ. ಹಳೆ ಬಣ್ಣ ಕೆರೆದರು. ಕೆಳಗೆ ಪ್ಲೈವುಡ್ ಮೆತ್ತಗಾಗಿತ್ತು. ಮೆತ್ತಗಾದ ಪ್ಲೈ ತೆಗೆದರು. ನಡುವಿನ ಹಲಗೆ ಇಳಿಯುವ ಪೆಟ್ಟಿಗೆಯ ಬುಡ ಕೊಳೆತಿತ್ತು. ಪೆಟ್ಟಿಗೆ ಬಿಚ್ಚೋಣವೆಂದರೆ ಮೇಲಿನ ಡೆಕ್ ಕೀಳಬೇಕು. ಡೆಕ್ ಕಿತ್ತರೆ ಒಳಗಿನ ಪಟ್ಟಿಗಳು ಕೈಗೇ ಬಂದವು. ಈಗ ಬಡಗಿ ಮರೈನ್ ಪ್ಲೈಗೆ ಕಾಯುತ್ತಾನೆ, ಫೈಬರಿನವನು ಬಡಗಿಗೆ ಕಾಯುತ್ತಾನೆ, ಪೇಂಟರ್ ಫೈಬರಿನವನಿಗೆ ಕಾಯುತ್ತಾನೆ, ಭಾವ ಮೂವರಿಗೂ ಕಾಯುತ್ತಾರೆ. ಭಾವನ ಊಟಕ್ಕೆ ಅಕ್ಕ ಕಾಯುತ್ತಾಳೆ.

ಇದರ ಮೇಲೆ ಮಳೆಗಾಲ. ಗಾಳಿಯಲ್ಲಿ ತೇವ ಹೆಚ್ಚಾದರೆ ರೆಸಿನ್ ಸರಿಯಾಗಿ ಗಟ್ಟಿಯಾಗುವುದಿಲ್ಲ, ಮೇಲ್ಮೈ ಅಂಟಂಟಾಗಿಯೇ ಉಳಿಯುತ್ತದೆ. ಭಾವ ಹೋದಾಗಲೆಲ್ಲ ತೋರುಬೆರಳಿಂದ ಒತ್ತಿ ನೋಡುತ್ತಾರೆ. ದೋಣಿಯ ಬಲಮಗ್ಗುಲಲ್ಲಿ ಅವರ ಬೆರಳಚ್ಚು ಸಬ್‌ರಿಜಿಸ್ಟ್ರಾರ್ ಕಚೇರಿಯ ದಾಖಲೆಗಿಂತ ಸ್ಪಷ್ಟವಾಗಿ ಮೂಡಿದೆ. ಶೆಡ್ಡಿನ ಮೇಸ್ತ್ರಿ ಅದನ್ನು ಉಜ್ಜಿ ಮತ್ತೆ ಬಳಿಯುತ್ತಾನೆ. ಭಾವ ಮತ್ತೆ ಒತ್ತುತ್ತಾರೆ. ಎಂಥ ಚೋದ್ಯ ನೋಡಿ: ಹುಸೇನ್ ಸಾಗರದಲ್ಲಿ ಹಾಯಿ ಬಿಚ್ಚಲು ಒಳ್ಳೆಯ ಗಾಳಿ ಬೀಸುವ ತಿಂಗಳೇ ನಾಚಾರಂನಲ್ಲಿ ರೆಸಿನ್ ಒಣಗದ ತಿಂಗಳು.

ಮೇಸ್ತ್ರಿ ಕೆಟ್ಟವನೇನಲ್ಲ. ಭಾವನನ್ನು ಕಂಡೊಡನೆ ಸ್ಟೂಲ್ ಒರೆಸುತ್ತಾನೆ, ಚಹಾ ತರಿಸುತ್ತಾನೆ. “ಟೆನ್ಷನ್ ನಕ್ಕೋ ಸಾಬ್, ಪೇಂಟ್ ಒಂದೇ ಬಾಕಿ, ರೇಪು ರಂಡಿ” (ನಾಳೆ ಬನ್ನಿ) ಎಂದು ಎರಡು ಭಾಷೆಯಲ್ಲಿ ಸಮಾಧಾನ ಹೇಳುತ್ತಾನೆ. ಒಂದು ಕಾಲಕ್ಕೆ ಬೆಂಗಳೂರಿನವರು ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದು ದೆವ್ವವನ್ನು ಸಾಗಹಾಕಿದ್ದು ನೆನಪಿರಬೇಕು. ಮೇಸ್ತ್ರಿ ಬರೆಯುವ ಗೋಜಿಗೇ ಹೋಗಿಲ್ಲ, ಬಾಯಲ್ಲೇ ಮುಗಿಸುತ್ತಾನೆ. ದೆವ್ವ ಅಡ್ವಾನ್ಸ್ ಕೊಟ್ಟಿರಲಿಲ್ಲ, ತನ್ನ ದಾರಿ ಹಿಡಿದು ಹೋಯಿತು. ಭಾವ ಕೊಟ್ಟಿದ್ದಾರೆ, ದಿನಾ ಹೋಗುತ್ತಾರೆ.

ಕಾಯುವ ಕಷ್ಟವನ್ನು ಭಾವ ಮನೆಯಲ್ಲಿ ತೀರಿಸಿಕೊಳ್ಳುತ್ತಾರೆ. ಬಟ್ಟೆ ಒಣಹಾಕುವ ಹಗ್ಗಕ್ಕೆಲ್ಲ ಈಗ ಹಡಗಿನವರ ಗಂಟು. ಎಷ್ಟೇ ಜಗ್ಗಿದರೂ ಜಾರುವುದಿಲ್ಲ, ಬಿಚ್ಚಬೇಕೆಂದಾಗ ಸಲೀಸಾಗಿ ಬಿಚ್ಚುತ್ತದೆ ಎಂದು ಅವರ ವಿವರಣೆ. “ಹಾಗಾದರೆ ಆ ಮೇಸ್ತ್ರಿಗೊಂದು ಹಾಕಿ ಬನ್ನಿ” ಎಂದಳು ಅಕ್ಕ.

ಕಾರವಾರದ ಕಡೆಯವನಾದ ನನಗೆ ಇಂಥವರಿಗೆ ಸಮಾಧಾನ ಹೇಳುವ ಹಕ್ಕು ಹುಟ್ಟಿನಿಂದಲೇ ಬಂದಿದೆ. “ಭಾವ, ನಿಮ್ಮದು ಯಾವ ಲೆಕ್ಕ? ನಮ್ಮ ವಿಕ್ರಮಾದಿತ್ಯನ ಕತೆ ಕೇಳಿ” ಎಂದೆ. ರಷ್ಯಾದವರು ತಮ್ಮ ಹಳೆಯ ವಿಮಾನವಾಹಕ ಗೋರ್ಷ್ಕೋವ್ ಹಡಗನ್ನು, ಅಂದರೆ ಇಂದಿನ ವಿಕ್ರಮಾದಿತ್ಯನನ್ನು, ನಮಗೆ ಕೊಡಲು ಒಪ್ಪಿದ್ದು 2004ರಲ್ಲಿ. ಹಡಗು ಪುಕ್ಕಟೆ, ರಿಪೇರಿಗೆ ಮಾತ್ರ ದುಡ್ಡು: 97 ಕೋಟಿ ಡಾಲರ್, ಗಡುವು 2008. ಬಿಚ್ಚಿ ನೋಡಿದರೆ ಅಂದಾಜು ಮಾಡಿದ್ದಕ್ಕಿಂತ ಎಷ್ಟೋ ಪಾಲು ಹೆಚ್ಚು ಕೇಬಲ್ ಬೇಕಿತ್ತು. ಕೊನೆಗೂ 2012ರಲ್ಲಿ ಸಮುದ್ರಕ್ಕಿಳಿಸಿ ಓಡಿಸಿದರು. 8 ಬಾಯ್ಲರುಗಳಲ್ಲಿ 7 ಕೈಕೊಟ್ಟವು. ಹಡಗು ನೌಕಾಪಡೆಯ ಕೈಸೇರಿದ್ದು 2013ರ ನವೆಂಬರ್‌ನಲ್ಲಿ, ಕಾರವಾರಕ್ಕೆ ಬಂದದ್ದು 2014ರ ಜನವರಿಯಲ್ಲಿ. ಖರ್ಚು 230 ಕೋಟಿ ಡಾಲರ್ ದಾಟಿತ್ತು. ಅದು ಬಂದು ನಿಂತ ನೆಲೆಯಾದರೂ ಬೇಗ ಆಯಿತೇ? ಸೀಬರ್ಡ್ ನೌಕಾನೆಲೆ ಯೋಜನೆಗೆ ರಾಜೀವ್ ಗಾಂಧಿ ಅಡಿಗಲ್ಲು ಹಾಕಿದ್ದು 1986ರಲ್ಲಿ, ಐಎನ್‌ಎಸ್ ಕದಂಬ ಎಂಬ ಆ ನೆಲೆ ಕಾರ್ಯಾರಂಭ ಮಾಡಿದ್ದು 2005ರಲ್ಲಿ.

ಭಾವನ ಮುಖ ಅರಳಿತು. ಮರುದಿನವೇ ಈ ಕತೆಯನ್ನು ಮೇಸ್ತ್ರಿಗೆ ಹೇಳಿದರಂತೆ. ಮೇಸ್ತ್ರಿಯ ಮುಖ ಇನ್ನೂ ಹೆಚ್ಚು ಅರಳಿತಂತೆ. ಅಂದಿನಿಂದ ಅವನು ಗಡುವು ಕೇಳಿದರೆ ‘ರಷ್ಯಾ ಸಾಬ್, ರಷ್ಯಾ’ ಅನ್ನುತ್ತಾನೆ.

ಆದರೆ ಅದೇ ಕಾರವಾರದಲ್ಲಿ ಇನ್ನೊಂದು ಕತೆಯೂ ಇದೆ. ಅದನ್ನು ಅಕ್ಕನಿಗೆ ಮಾತ್ರ ಹೇಳಿದೆ. ನಮ್ಮ ಕರಾವಳಿಯಲ್ಲಿ ಈಗ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಮೀನುಗಾರಿಕೆ ನಿಷೇಧ. ಬೈತಕೋಲ, ತದಡಿ, ಹೊನ್ನಾವರ, ಮಲ್ಪೆ ಎಲ್ಲೆಡೆ ಬೋಟುಗಳು ದಡ ಸೇರುತ್ತವೆ. ಬಲೆ ಹೆಣೆಯುವುದು, ಎಂಜಿನ್ ಬಿಚ್ಚುವುದು, ಹಲಗೆ ಬದಲಿಸುವುದು, ಬಣ್ಣ ಬಳಿಯುವುದು, ಇಷ್ಟೂ ಕೆಲಸ ಜಡಿಮಳೆಯಲ್ಲೇ ಆಗಬೇಕು. ಅಲ್ಲೂ ಬಡಗಿ ಕೈಕೊಡುತ್ತಾನೆ, ಅಲ್ಲೂ ಬಣ್ಣ ಒಣಗುವುದಿಲ್ಲ. ಆದರೂ ಆಗಸ್ಟ್ ಹುಟ್ಟಿ, ಕಡಲು ಶಾಂತವಾಗಿ, ಪೂಜೆ ಮುಗಿಯಿತೆಂದರೆ ಬೋಟುಗಳು ಹೊರಟೇಬಿಡುತ್ತವೆ. ಆ ತಾರೀಕನ್ನು ಹಿಂದೆಮುಂದೆ ಮಾಡುವುದು ಬೋಟಿನ ಮಾಲೀಕನ ಕೈಯಲ್ಲೂ ಇಲ್ಲ, ಬಡಗಿಯ ಕೈಯಲ್ಲೂ ಇಲ್ಲ. ಒಂದು ವಾರ ತಡವಾದರೆ ಅಷ್ಟು ಮನೆಗಳ ಗಂಜಿಗೆ ಕಲ್ಲು.

ಭಾವನ ದೋಣಿ ತಡವಾದರೆ ಯಾರ ಗಂಜಿಗೂ ಕಲ್ಲು ಬೀಳುವುದಿಲ್ಲ, ರೋಗ ಇರುವುದು ಅಲ್ಲೇ. ಅಕ್ಕನಿಗೆ ತಟ್ಟನೆ ಹೊಳೆಯಿತು. ಅಂದೇ ಫೋನ್ ಹಚ್ಚಿ, ಕುಮಟೆಯ ಅತ್ತೆಯಿಂದ ಹಿಡಿದು ಬೀಗರ ತನಕ ಎಲ್ಲರನ್ನೂ ವಿಜಯದಶಮಿಯ ದಿನ ದೋಣಿ ಪೂಜೆಗೆ ಕರೆದುಬಿಟ್ಟಳು. ಈಗ ಭಾವ ಶೆಡ್ಡಿಗೆ ಬೆರಳು ಒತ್ತಲು ಹೋಗುತ್ತಿಲ್ಲ, ಮರಳುಕಾಗದ ಹಿಡಿದು ತಾವೇ ಉಜ್ಜಲು ಹೋಗುತ್ತಿದ್ದಾರೆ. ಮೇಸ್ತ್ರಿಯೂ ಗಾಬರಿಯಾಗಿದ್ದಾನೆ. ಗಿರಾಕಿಯ ಸಿಟ್ಟು ಅವನಿಗೆ ಮಾಮೂಲು. ಗಿರಾಕಿಯ ಹೆಂಡತಿಯ ತವರಿನವರನ್ನು ಎದುರಿಸಿ ಅಭ್ಯಾಸವಿಲ್ಲ.

ದೋಣಿಯೋ, ಮನೆಯೋ, ಹಳೆ ಬುಲೆಟ್ಟೋ, ಏನನ್ನಾದರೂ ರಿಪೇರಿಗೆ ಬಿಚ್ಚಿಸುವವರು ನೀವಾದರೆ ನನ್ನ ಮಾತು ಕೇಳಿ. ಬಿಚ್ಚುವ ಮೊದಲು ಫೋಟೋ ತೆಗೆದಿಡಿ. ಸಾಮಾನು ಬಂದು ಬಿದ್ದ ಮೇಲೇ ಬಡಗಿಯನ್ನು ಕರೆಯಿರಿ. ದುಡ್ಡನ್ನು ಕೆಲಸದ ಹಿಂದೆ ನಡೆಸಿ, ಮುಂದೆ ಓಡಿಸಬೇಡಿ. ಕೈಲಾದಷ್ಟು ನೀವೇ ಮಾಡಿ. ಉಜ್ಜುವುದಕ್ಕೆ ಯಾವ ಡಿಪ್ಲೊಮಾನೂ ಬೇಡ. ಎಲ್ಲಕ್ಕಿಂತ ಮೊದಲು, ಮುಂದೂಡಲಾಗದ ಒಂದು ತಾರೀಕು ಹುಡುಕಿ ನಾಲ್ಕು ಜನರ ಎದುರು ಹೇಳಿಬಿಡಿ. ಮಾಲೀಕನ ಹತ್ತಿರವೇ ತಾರೀಕು ಇಲ್ಲದಿದ್ದರೆ ಮೇಸ್ತ್ರಿ ಅದನ್ನು ಎಲ್ಲಿಂದ ತರಬೇಕು?