ನಮ್ಮೂರ ಜರ್ಮನಿ

ಹಿರೇಹಡಗಲಿಯಂಥ ಊರಲ್ಲೂ ಈಗ ಅಂಥವನೊಬ್ಬ ಇರುತ್ತಾನೆ: ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುತ್ತ, ಒಂದೇ ಒಂದು ಸೆಮಿಸ್ಟರ್ ಮಟ್ಟಿಗೆ ಜರ್ಮನಿಗೆ ಹೋಗಿಬಂದವನು. ಅಪ್ಪ-ಅವ್ವ ಇಟ್ಟ ಹೆಸರು ಈಗ ರೇಷನ್ ಕಾರ್ಡಿನಲ್ಲಷ್ಟೇ ಇದೆ. ಊರಿಗೆಲ್ಲ ಅವನು 'ಜರ್ಮನಿ'. "ಜರ್ಮನಿ ಮೋಟರ್ ಚಾಲೂ ಮಾಡಾಕ ಹೊಲಕ್ಕ ಹೋತು" ಅಂದರೆ ಇಲ್ಲಿ ಯಾರೂ ಬೆರಗಾಗುವುದಿಲ್ಲ.

ಅಲ್ಲಿದ್ದದ್ದು ಅಕ್ಟೋಬರ್‌ನಿಂದ ಮಾರ್ಚ್‌ವರೆಗಿನ ಚಳಿಗಾಲದ ಸೆಮಿಸ್ಟರ್. ಮಾತು ಕೇಳಿದರೆ ಜವಳ ತೆಗೆಸಿದ್ದೂ ಅಲ್ಲೇ ಇರಬೇಕು ಅನ್ನಿಸುತ್ತದೆ. ಮೈಲಾರದ ಕಾರ್ಣಿಕ ಒಂದೇ ಮಾತಿಗೆ ಮುಗಿಯುತ್ತದೆ, ಇವನದು ಮುಗಿಯುವುದಿಲ್ಲ. "ನಮ್ಮ ಕಡೆ ಹಂಗಿಲ್ಲ ಬಿಡ್ರಿ" ಎಂದು ಶುರುಮಾಡುತ್ತಾನೆ. ನಮ್ಮ ಕಡೆ ಅಂದರೆ ಹೂವಿನಹಡಗಲಿ ತಾಲ್ಲೂಕಲ್ಲ ಎಂಬುದು ಹೊಸಬರಿಗೆ ತಿಳಿಯಲು ಸ್ವಲ್ಪ ಹೊತ್ತು ಬೇಕು.

ನೀರು ಕುಡಿದ ಬಾಟ್ಲಿಯನ್ನು ಎಸೆಯಲು ಅವನಿಗೆ ಕೈ ಬಾರದು. "ಅಲ್ಲಿ ಖಾಲಿ ಬಾಟ್ಲಿ ಮಷಿನ್ನಿಗೆ ಹಾಕಿದ್ರ 25 ಸೆಂಟ್ ವಾಪಸ್ ಕೊಡ್ತಾರ ಕಾಕಾ."

ಅಂಗಡಿ ಕಾಕಾ ರೂಪಾಯಿಗೆ ಲೆಕ್ಕ ಹಾಕಿದ. "ಅಂದ್ರ ಇಪ್ಪತ್ತಕ್ಕೂ ಮ್ಯಾಲಾತು. ನಾ ಇಲ್ಲಿ ತುಂಬಿದ ಬಾಟ್ಲಿ ಮಾರೋದೇ ಇಪ್ಪತ್ತಕ್ಕ. ನೀರು ಚೆಲ್ಲಿ ಜರ್ಮನಿಗೆ ಕಳಿಸಿದ್ರ ಲಾಭ ಐತಲ್ಲೋ!"

ಅಂಕಪಟ್ಟಿ ಬಂದ ದಿನದ ಕತೆ ಇದಕ್ಕಿಂತ ಚೆಂದ.

"ಯಜ್ಜಾ, 1.7 ಬಂತು!"

"ನೂರಕ್ಕೇನೋ?"

"ಹಂಗಲ್ಲ ಯಜ್ಜಾ, ಅಲ್ಲಿ 1 ಅಂದ್ರ ಎಲ್ಲರಿಗಿಂತ ಮುಂದ. 4 ದಾಟಿದ್ರ ಫೇಲು."

ಅಜ್ಜ ಮೀಸೆ ಸವರಿಕೊಂಡ. "ಹಂಗಾರ ನಾ ನಾಕನೇ ಕ್ಲಾಸಿನ್ಯಾಗ ಲೆಕ್ಕಕ್ಕ ತಗೊಂಡ ಸೊನ್ನಿಗೆ ಬಂಗಾರದ ಪದಕ ಕೊಡ್ತಿದ್ರು."

ಜರ್ಮನಿಯ ಎಷ್ಟೋ ವಿಶ್ವವಿದ್ಯಾಲಯಗಳಲ್ಲಿ ಹತ್ತು ಗಂಟೆಯ ಪಾಠ ಹತ್ತೂಕಾಲಿಗೆ ಶುರುವಾಗುತ್ತದೆ. ಆ ಕಾಲು ಗಂಟೆ ಹಳೇ ಸಂಪ್ರದಾಯ. ಅಲ್ಲಿಯ ಶಿಸ್ತಿನಲ್ಲಿ ಇವನು ತಪ್ಪದೆ ಕಲಿತುಬಂದದ್ದು ಅದೊಂದನ್ನೇ. ಆರಕ್ಕೆ ಹೊಲಕ್ಕೆ ಬಾ ಎಂದರೆ ಆರೂಕಾಲಿಗೆ ಬರುತ್ತಾನೆ; ತ್ರೀ ಫೇಸ್ ಕರೆಂಟು ಅಷ್ಟರಲ್ಲಿ ಹೋಗಿರುತ್ತದೆ. ಶಾಲೆಯ ವಾರ್ಷಿಕೋತ್ಸವದಲ್ಲಿ ಅಧ್ಯಕ್ಷರ ಭಾಷಣ ಮುಗಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರೆ, ಇವನು ಅಲ್ಲಿಯ ಪದ್ಧತಿಯಂತೆ ಬೆರಳಗೆಣ್ಣಿನಿಂದ ಟೇಬಲ್ ಕುಟ್ಟಿದ. ಹೋಟೆಲ್ ಹುಡುಗ ಓಡಿಬಂದು ಎರಡು ಚಾ ಇಟ್ಟುಹೋದ.

ಹಾಗಾದರೆ ಅಲ್ಲಿದ್ದಾಗ ಇವನು ಹೇಗಿದ್ದ? ಅದನ್ನು ಅವ್ವನನ್ನೇ ಕೇಳಬೇಕು. ಇಲ್ಲಿ ರಾತ್ರಿ ಎಂಟು, ಅಲ್ಲಿ ಮಧ್ಯಾಹ್ನ ಮೂರೂವರೆ ಆಗುತ್ತಲೇ ವಿಡಿಯೋ ಕಾಲ್. ಒಯ್ದಿದ್ದ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ದೀಪಾವಳಿಗೆ ಮೊದಲೇ ಖಾಲಿ. ಮಂಡಕ್ಕಿ ಒಗ್ಗರಣೆಗೆ ಈರುಳ್ಳಿ ಮೊದಲೋ ಮೆಣಸಿನಕಾಯಿ ಮೊದಲೋ ಎಂದು ಕೇಳುವಾಗ ಗಂಟಲು ಕಟ್ಟುತ್ತಿತ್ತಂತೆ. ಅಲ್ಲಿ ಕೂತು ಗೆಳೆಯರಿಗೆ ಹೇಳುತ್ತಿದ್ದದ್ದೂ ಅದೇ ರಾಗ: ನಮ್ಮ ಕಡೆ ಹೀಗಲ್ಲ, ನಮ್ಮ ಹಡಗಲಿ ಮಲ್ಲಿಗೆಗೆ ಜಿಐ ಮಾನ್ಯತೆ ಇದೆ, ಮೈಲಾರದಲ್ಲಿ ಗೊರವಯ್ಯ ಬಿಲ್ಲೇರಿ ಭವಿಷ್ಯ ನುಡಿಯುತ್ತಾನೆ. ಊರಿನ ಬಗ್ಗೆ ಹತ್ತು ನಿಮಿಷ ಮಾತಾಡು ಎಂದು ತರಗತಿಯಲ್ಲಿ ಕೇಳಿದಾಗ, ಚಿಕ್ಕಂದಿನಲ್ಲಿ ಚೆಂಡು ಹುಡುಕಲಷ್ಟೇ ಹೋಗುತ್ತಿದ್ದ ಕಲ್ಲೇಶ್ವರ ಗುಡಿ ನೆನಪಾಯಿತು. ರಾತ್ರಿಯೆಲ್ಲ ಓದಿದ: ಚಾಲುಕ್ಯ ದೊರೆ ಒಂದನೇ ಸೋಮೇಶ್ವರನ ಮಂತ್ರಿ ದೇಮರಸ ಸುಮಾರು 1057ರಲ್ಲಿ ಕಟ್ಟಿಸಿದ್ದು, ಬಾಗಿಲುವಾಡಗಳ ಸೂಕ್ಷ್ಮ ಕೆತ್ತನೆಗೆ ಹೆಸರಾದದ್ದು. ಮರುದಿನ ತರಗತಿಯೇ ಟೇಬಲ್ ಕುಟ್ಟಿತು.

ಊರು ನೋಡಲು ಅವನು ಅಷ್ಟು ದೂರ ಹೋಗಬೇಕಾಯಿತು, ಅಷ್ಟೆ. ದುಡ್ಡು ದಂಡವಾಗಲಿಲ್ಲ ಎಂದೇ ನನ್ನ ತೀರ್ಪು. ನೀವೂ ಗುಡಿ ನೋಡಲು ಬಂದರೆ ಅವನನ್ನೇ ಜೊತೆಗೆ ಕರೆದುಕೊಳ್ಳಿ, ಬಾಗಿಲುವಾಡದ ಒಂದೊಂದು ಎಸಳನ್ನೂ ತೋರಿಸುತ್ತಾನೆ. ಜರ್ಮನಿ ಹೇಗಿತ್ತು ಎಂದು ಮಾತ್ರ ಕೇಳಬೇಡಿ. ಹಡಗಲಿಗೆ ಹೋಗುವ ಕೊನೆ ಬಸ್ಸು ತಪ್ಪುತ್ತದೆ.