ವಿ ಗಿಟಾರು: ಕೊಳ್ಳುವವರ ಕೈಪಿಡಿ

ವಿ ಆಕಾರದ ಎಲೆಕ್ಟ್ರಿಕ್ ಗಿಟಾರು ಕೊಳ್ಳಲು ತೀರ್ಮಾನಿಸಿರುವ ತಮಗೆ ಅಭಿನಂದನೆಗಳು. ಯಾವ ವಿ ಎಂಬುದು ಇನ್ನೂ ತೀರ್ಮಾನವಾಗಿಲ್ಲವಾದ್ದರಿಂದ ಅಭಿನಂದನೆಯ ಅರ್ಧ ಭಾಗವನ್ನು ಸದ್ಯಕ್ಕೆ ತಡೆಹಿಡಿಯಲಾಗಿದೆ. ಈಗಾಗಲೇ ಕೊಂಡುಬಿಟ್ಟವರು ನೇರವಾಗಿ ಕೊನೆಯ ಭಾಗಕ್ಕೆ ಹೋಗತಕ್ಕದ್ದು. ನಡುವಿನದನ್ನು ಓದಿ ಹೊಟ್ಟೆ ಉರಿಸಿಕೊಂಡರೆ ಕೈಪಿಡಿ ಹೊಣೆಯಲ್ಲ.

ಭಾಗ 1: ಸಾಧನದ ಪರಿಚಯ

ಈ ಕೊಂಬಿನ ಆಕಾರ ಹುಟ್ಟಿದ್ದು ಮೆಟಲ್‌ಗಾಗಿ ಅಲ್ಲ. 1958ರಲ್ಲಿ ಅಮೆರಿಕದ ಕಲಮಝೂ ಊರಿನ ಗಿಬ್ಸನ್ ಕಾರ್ಖಾನೆಯಿಂದ ಫ್ಲೈಯಿಂಗ್ ವಿ ಹೊರಬಂದಾಗ ಮೆಟಲ್ ಎಂಬ ಸಂಗೀತವೇ ಇರಲಿಲ್ಲ. ಕಂಪನಿಯ ಆಗಿನ ಮುಖ್ಯಸ್ಥ ಟೆಡ್ ಮೆಕಾರ್ಟಿಗೆ ಬೇಕಿದ್ದದ್ದು ಇಷ್ಟೇ: ಗಿಬ್ಸನ್‌ನವರದು ಹಳೇ ಕಾಲದ ಮಾಲು ಎಂಬ ಮಾತು ನಿಲ್ಲಬೇಕು. ಮಾತು ನಿಂತಿತೋ ಇಲ್ಲವೋ, ವ್ಯಾಪಾರವಂತೂ ನಿಂತಿತು. ಮೊದಲ ಎರಡು ವರ್ಷಗಳಲ್ಲಿ ನೂರು ಗಿಟಾರೂ ಹೊರಗೆ ಹೋಗಲಿಲ್ಲ. ಹೋದವುಗಳಲ್ಲಿ ಒಂದನ್ನು ಹಿಡಿದು ಆಲ್ಬರ್ಟ್ ಕಿಂಗ್ ಬ್ಲೂಸ್ ನುಡಿಸಿದರು. 1967ರಲ್ಲಿ ತಯಾರಿಕೆ ಮತ್ತೆ ಶುರುವಾಗಿ, ಮುಂದೆ ಸ್ಕಾರ್ಪಿಯನ್ಸ್‌ನ ರುಡಾಲ್ಫ್ ಶೆಂಕರ್, ಜೂಡಾಸ್ ಪ್ರೀಸ್ಟ್‌ನ ಕೆ. ಕೆ. ಡೌನಿಂಗ್ ಅಂಥವರು ಹೆಗಲಿಗೇರಿಸಿದ ಮೇಲೆಯೇ ಇದು ಮೆಟಲ್ ಮಂದಿಯ ಲಾಂಛನವಾದದ್ದು.

ಭಾಗ 2: ಗುರುತು ಹಿಡಿಯುವ ಬಗೆ

ಅಂಗಡಿಯ ಗೋಡೆಯ ಮೇಲೆ ನಾಲ್ಕು ವಿ ತೂಗುತ್ತಿವೆ. ನಾಲ್ಕೂ ಕಪ್ಪು. ಗಾಬರಿ ಬೇಡ.

ರೆಕ್ಕೆಗಳೆರಡೂ ಸಮನಾಗಿ, ತುದಿ ದುಂಡಗಿದ್ದರೆ ಅದು ಗಿಬ್ಸನ್ನಿನ ಫ್ಲೈಯಿಂಗ್ ವಿ ಅಥವಾ ಅದರ ದಾಯಾದಿ. ರೆಕ್ಕೆಗಳು ಸಮನಾಗಿದ್ದು ತುದಿ ಚೂಪಾಗಿದ್ದರೆ ಜಾಕ್ಸನ್ ಕಿಂಗ್ ವಿ. ಮೇಲಿನ ರೆಕ್ಕೆ ಉದ್ದ, ಕೆಳಗಿನದು ಗಿಡ್ಡವಾಗಿದ್ದರೆ ಜಾಕ್ಸನ್ ರೋಡ್ಸ್. ಮೈ ಸಾಲದೆಂದು ತಲೆಯೂ ವಿ ಆಕಾರದಲ್ಲಿ ಸೀಳಿಕೊಂಡಿದ್ದರೆ ಡೀನ್. ವ್ಯತ್ಯಾಸ ಇನ್ನೂ ತಿಳಿಯುತ್ತಿಲ್ಲವೆಂದು ನಾಚಬೇಕಿಲ್ಲ. ಆಕಾರ ಕದ್ದಿದ್ದಾರೆಂದು ಗಿಬ್ಸನ್ 2019ರಲ್ಲಿ ಡೀನ್ ತಯಾರಕರ ಮೇಲೆ ದಾವೆ ಹೂಡಿತು. ಅಮೆರಿಕದ ಕೋರ್ಟುಗಳೇ ಈ ವಿಚಾರಕ್ಕೆ ವರ್ಷಗಟ್ಟಲೆ ತಲೆ ಕೆಡಿಸಿಕೊಂಡಿವೆ.

ರೋಡ್ಸ್ ಮಾದರಿ ಹುಟ್ಟಿದ್ದೂ ಇದೇ ಗೊಂದಲದಿಂದ. ಆಗ ಆಜಿ ಆಸ್ಬೋರ್ನ್ ಜೊತೆಗಿದ್ದ ರ‍್ಯಾಂಡಿ ರೋಡ್ಸ್ 1980ರ ಕೊನೆಗೆ ತಮ್ಮ ಕಲ್ಪನೆಯ ಚಿತ್ರ ಹಿಡಿದು ಗ್ರೋವರ್ ಜಾಕ್ಸನ್ ಬಳಿಗೆ ಹೋದರು. ತಯಾರಾಗಿ ಬಂದ ಬಿಳಿ ಗಿಟಾರನ್ನು ನೋಡಿದವರು ಇದೂ ಫ್ಲೈಯಿಂಗ್ ವಿ ಎಂದುಕೊಂಡರು. ಹಾಗಾಗಿ ಎರಡನೆಯದರಲ್ಲಿ ರೆಕ್ಕೆಗಳು ಇನ್ನೂ ಚೂಪಾದವು, ಇನ್ನೂ ಓರೆಯಾದವು. ಅದನ್ನು ಹೆಚ್ಚು ಕಾಲ ನುಡಿಸುವ ಯೋಗ ಅವರಿಗಿರಲಿಲ್ಲ; 1982ರ ಮಾರ್ಚ್‌ನಲ್ಲಿ, 25ನೇ ವಯಸ್ಸಿಗೆ, ವಿಮಾನ ಅಪಘಾತದಲ್ಲಿ ತೀರಿಕೊಂಡರು.

ಎಚ್ಚರಿಕೆ: “ಮೆಗಾಡೆತ್‌ನ ಡೇವ್ ಮಸ್ಟೇನ್ ನುಡಿಸುವುದೇ ನನಗೂ ಬೇಕು” ಎನ್ನುವವರು ಗಮನಿಸಿ. ಅವರು ಜಾಕ್ಸನ್ ನುಡಿಸಿದರು, ಇಎಸ್‌ಪಿ ನುಡಿಸಿದರು, 2007ರಲ್ಲಿ ಡೀನ್‌ಗೆ ಹೋದರು, 2021ರಲ್ಲಿ ಗಿಬ್ಸನ್‌ಗೆ ಬಂದರು. ಅವರಿಗೆ ಬದಲಾದದ್ದು ಕರಾರು. ತಮಗಾದರೆ ಪ್ರತಿ ಸಲವೂ ಹೊಸ ಇಎಂಐ.

ಭಾಗ 3: ಕೂರುವ ಕ್ರಮ

ಬೆಂಗಳೂರಿನ ಅರಮನೆ ಮೈದಾನದಲ್ಲಿ 2007ರಲ್ಲಿ ಐರನ್ ಮೇಡನ್‌ಗೆ, 2011ರಲ್ಲಿ ಮೆಟಾಲಿಕಾಗೆ ಕತ್ತು ಕುಣಿಸಿದವರಿಗೆ ಗಿಟಾರು ಎಂದರೆ ನಿಂತು ನುಡಿಸುವ ವಸ್ತು. ತಮ್ಮ ಗಿಟಾರಿನ ಆಯುಷ್ಯ ಮಾತ್ರ ಬಹುಪಾಲು ಮಂಚದ ಅಂಚಿನಲ್ಲೇ ಕಳೆಯುತ್ತದೆ. ಆದ್ದರಿಂದ ಮುಖ ನೋಡಿ ಮಣೆ ಹಾಕುವ ಮೊದಲು ಅಂಗಡಿಯವರಲ್ಲಿ ಕೈಯಿಲ್ಲದ ಒಂದು ಸ್ಟೂಲ್ ಕೇಳಿ ಪಡೆಯಿರಿ.

ಬೇರೆ ಗಿಟಾರಿನಂತೆ ಇದನ್ನು ತೊಡೆಯ ಮೇಲೆ ಅಡ್ಡಲಾಗಿ ಇಟ್ಟರೆ ಓರೆ ಅಂಚು ಜಾರಿ ಸೀದಾ ನೆಲಕ್ಕೆ ಹೋಗುತ್ತದೆ. ಇದು 1958ರಲ್ಲೇ ಗಿಬ್ಸನ್‌ನವರಿಗೆ ಗೊತ್ತಿತ್ತು. ಮೊದಲ ಮಾದರಿಯ ಅಂಚಿಗೆ ಗೀರುಗಳಿದ್ದ ರಬ್ಬರಿನ ಪಟ್ಟಿ ಅಂಟಿಸಿ ಕಳಿಸಿದ್ದರು. ಸರಿಯಾದ ಕ್ರಮ ಬೇರೆ: ರೆಕ್ಕೆಗಳ ನಡುವಿನ ಸಂದಿಯನ್ನು ಬಲತೊಡೆಯ ಮೇಲೆ ಕೂರಿಸಿ, ಕೆಳಗಿನ ರೆಕ್ಕೆಯನ್ನು ಎರಡು ತೊಡೆಗಳ ನಡುವೆ ಇಳಿಬಿಡಿ. ನೆಕ್ ತಾನಾಗಿ ಮೇಲೇಳುತ್ತದೆ, ಎಡಗೈ ಮಣಿಕಟ್ಟು ನೇರವಾಗುತ್ತದೆ, ಕೊನೆಯ ಫ್ರೆಟ್‌ಗಳಿಗೂ ಬೆರಳು ಸಲೀಸಾಗಿ ಹೋಗುತ್ತದೆ. ಜಗತ್ತನ್ನು ನಡುಗಿಸಲು ಹೊರಟವರು ನೈಲಾನ್ ತಂತಿಯ ಕ್ಲಾಸಿಕಲ್ ಗಿಟಾರಿನವರಂತೆ ಬೆನ್ನು ನೆಟ್ಟಗೆ ಮಾಡಿ ಸಭ್ಯವಾಗಿ ಕೂತಿರುತ್ತಾರೆ. ಬೇರೆ ದಾರಿಯಿಲ್ಲ.

ಈ ಭಂಗಿಯಲ್ಲಿ ಹತ್ತು ನಿಮಿಷ ನುಡಿಸಿ. ಸಂದಿ ತಮ್ಮ ತೊಡೆಗೆ ಹೊಂದುತ್ತದೋ, ಚೂಪು ತುದಿ ಎಲ್ಲಿ ಚುಚ್ಚುತ್ತದೋ ಆಗ ತಿಳಿಯುತ್ತದೆ. ಬಳಿಕ ಸ್ಟ್ರಾಪ್ ಹಾಕಿ ಎದ್ದು ನಿಂತು ಎಡಗೈ ಬಿಡಿ. ನೆಕ್ ನೆಲ ನೋಡತೊಡಗಿದರೆ ಒಳಮೈ ಒರಟಾದ ಅಗಲ ಚರ್ಮದ ಸ್ಟ್ರಾಪ್ ಬೇಕು, ಅಥವಾ ಬೇರೆ ಗಿಟಾರು ಬೇಕು.

ಭಾಗ 4: ತಂತಿ, ಶ್ರುತಿ

ಕಣ್ಣಿಗೆ ಕಾಣದ ವ್ಯತ್ಯಾಸ ಇಲ್ಲಿದೆ. ನಟ್‌ನಿಂದ ಬ್ರಿಜ್‌ವರೆಗಿನ ಅಳತೆ, ಅಂದರೆ ಸ್ಕೇಲ್ ಲೆಂತ್, ಗಿಬ್ಸನ್ನಿನಲ್ಲಿ 24.75 ಇಂಚು, ರೋಡ್ಸ್‌ನಲ್ಲಿ 25.5 ಇಂಚು. ಮುಕ್ಕಾಲು ಇಂಚು ಯಾವ ಲೆಕ್ಕ ಎನ್ನಬೇಡಿ. ಅದೇ ದಪ್ಪದ ತಂತಿ, ಅದೇ ಶ್ರುತಿ ಇದ್ದಾಗ ಬಿಗಿತವು ಉದ್ದದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಲೆಕ್ಕ ಹಾಕಿದರೆ ಉದ್ದದ ಗಿಟಾರಿನಲ್ಲಿ ಸುಮಾರು ಶೇಕಡಾ 6 ಹೆಚ್ಚು. ಶ್ರುತಿಯನ್ನು ಡಿ ಅಥವಾ ಸಿಗೆ ಇಳಿಸಿ ಪಾಮ್ ಮ್ಯೂಟ್ ಮಾಡಿ ಓಡಿಸುವವರಿಗೆ ಈ ಬಿಗಿತ ಬೇಕು. ಇಲ್ಲದಿದ್ದರೆ ದಪ್ಪ ತಂತಿ ಲೊಡಲೊಡ ಅನ್ನುತ್ತದೆ. ಶ್ರುತಿ ಇಳಿಸದೆ ತಂತಿಯನ್ನು ಎಳೆದೆಳೆದು ಸೋಲೋ ನುಡಿಸುವವರ ಬೆರಳಿಗೆ ಗಿಡ್ಡ ಅಳತೆಯೇ ಹಿತ. ಅಳತೆಯ ಕೊರತೆಯನ್ನು ದಪ್ಪ ತಂತಿ ಹಾಕಿ ಒಂದಷ್ಟು ತುಂಬಬಹುದು. ತೊಡೆಯ ತಕರಾರಿಗೆ ಅಂಥ ಪರಿಹಾರವಿಲ್ಲ. ಆದ್ದರಿಂದಲೇ ಈ ಕೈಪಿಡಿಯಲ್ಲಿ ತೊಡೆ ಮೊದಲು ಬಂದಿದೆ.

ಭಾಗ 5: ಬ್ರಿಜ್

ಒಂದೇ ಆಕಾರ, ಒಂದೇ ಬಣ್ಣದ ಎರಡು ಗಿಟಾರುಗಳಲ್ಲಿ ಒಂದಕ್ಕೆ ಅಲುಗದ ಬ್ರಿಜ್, ಇನ್ನೊಂದಕ್ಕೆ ಫ್ಲಾಯ್ಡ್ ರೋಸ್ ಇದ್ದರೆ ಅವು ಎರಡು ಬೇರೆ ವಾದ್ಯಗಳೆಂದೇ ಭಾವಿಸಿ. ಫ್ಲಾಯ್ಡ್ ರೋಸ್ ಒಂದು ತಕ್ಕಡಿ: ಒಂದು ಕಡೆ ಆರು ತಂತಿಗಳ ಎಳೆತ, ಹಿಂದುಗಡೆ ಸ್ಪ್ರಿಂಗುಗಳ ಎಳೆತ. ಶ್ರುತಿಯನ್ನು ಇ ಬಿಟ್ಟು ಡಿಗೆ ತರೋಣ ಎಂದು ಒಂದು ತಂತಿ ಸಡಿಲಿಸಿದರೆ ಉಳಿದ ಐದೂ ಏರಿ ಕೂರುತ್ತವೆ. ಅವನ್ನು ಇಳಿಸುವಷ್ಟರಲ್ಲಿ ಮೊದಲನೆಯದು ಮತ್ತೆ ಏರಿರುತ್ತದೆ. ಅಲೆನ್ ಕೀ, ಸ್ಕ್ರೂಡ್ರೈವರ್, ಒಂದು ಭಾನುವಾರ ಮಧ್ಯಾಹ್ನ ಇವಿಷ್ಟು ಅಗತ್ಯ ಸಾಮಗ್ರಿ. ವೇದಿಕೆಯಲ್ಲಿ ಒಂದು ತಂತಿ ಕಿತ್ತರೆ ಆ ಹಾಡು ಅಲ್ಲಿಗೆ ಮುಗಿಯಿತು. ಅಂಗೈ ಬ್ರಿಜ್ ಮೇಲೆ ಭಾರವಾಗಿ ಬಿದ್ದರೂ ಶ್ರುತಿ ಮೇಲಕ್ಕೆ ಹೋಗುತ್ತದೆ.

ಫ್ಲಾಯ್ಡ್ ರೋಸ್‌ನ ಕಡ್ಡಿ ಒತ್ತಿ ಸ್ವರವನ್ನು ಪಾತಾಳಕ್ಕೆ ಇಳಿಸಿ, ಕೈಬಿಟ್ಟ ಕೂಡಲೇ ಅದು ಸ್ವಸ್ಥಾನಕ್ಕೆ ಬರುವುದನ್ನು ಕೇಳಿದರೆ ಇಷ್ಟೆಲ್ಲ ಪಾಡೂ ಮರೆತುಹೋಗುವುದು ನಿಜ. ಆ ಸದ್ದು ತಮ್ಮ ಹಾಡುಗಳಿಗೆ ಬೇಕಿದ್ದರೆ ಮಾತ್ರ ಕೊಳ್ಳಿ, ಅಂಗಡಿಯಲ್ಲಿ ಕೇಳಿ ಖುಷಿಯಾಯಿತೆಂದಲ್ಲ. ಮೊದಲ ವಿ ಕೊಳ್ಳುವವರಿಗೆ, ಅದರಲ್ಲೂ ವಾರಕ್ಕೊಂದು ಶ್ರುತಿ ಬದಲಿಸುವವರಿಗೆ, ಅಲುಗದ ಬ್ರಿಜ್ ಸಾಕು. ಜಾಕ್ಸನ್‌ನ ಕಡಿಮೆ ಬೆಲೆಯ ಜೆಎಸ್32 ಸರಣಿಯಲ್ಲಿ ರೋಡ್ಸ್ ಆಗಲಿ ಕಿಂಗ್ ವಿ ಆಗಲಿ, ಸಂಖ್ಯೆಯ ಕೊನೆಗೆ ಟಿ ಅಕ್ಷರವಿದ್ದರೆ ಬ್ರಿಜ್ ಅಲುಗುವುದಿಲ್ಲ.

ಭಾಗ 6: ಪಿಕಪ್

ಮುಂದೆ ಬದಲಿಸಬಹುದು, ಈಗ ಜಗಳ ಬೇಡ. ಇಎಂಜಿ 81ರಂಥ ಆ್ಯಕ್ಟಿವ್ ಪಿಕಪ್ ಇದ್ದರೆ ಒಳಗೊಂದು 9 ವೋಲ್ಟ್ ಬ್ಯಾಟರಿ ಇರುತ್ತದೆ. ಕೇಬಲ್ ಸಿಕ್ಕಿಸಿಟ್ಟಷ್ಟು ಹೊತ್ತೂ ಅದು ಖರ್ಚಾಗುತ್ತಿರುತ್ತದೆ, ತಾವು ಊಟಕ್ಕೆ ಎದ್ದು ಹೋಗಿದ್ದರೂ.

ಭಾಗ 7: ಸಾಗಣೆ ಮತ್ತು ಸಂಗ್ರಹ

ಮಾಮೂಲಿ ಗಿಟಾರಿನ ಚೀಲಕ್ಕೆ ವಿ ಹಿಡಿಸುವುದಿಲ್ಲ. ಅದಕ್ಕೆಂದೇ ಮಾಡಿದ ಚೀಲದ ಬೆಲೆಯನ್ನು ಮೊದಲೇ ಬಜೆಟ್ಟಿಗೆ ಸೇರಿಸಿ. ಆಟೋದಲ್ಲಿ ತರುವಾಗ ರೆಕ್ಕೆಗಳು ಒಳಗಿರಲಿ. ಸಾಧಾರಣ ಸ್ಟ್ಯಾಂಡ್ ಮೇಲೆ ಇದು ನೆಟ್ಟಗೆ ನಿಲ್ಲುವುದು ಅನುಮಾನ, ಹಾಗಾಗಿ ತಲೆಯನ್ನು ಹಿಡಿದುಕೊಳ್ಳುವ ಗೋಡೆ ಕೊಕ್ಕೆಯೇ ಕ್ಷೇಮ. ಓಡಾಡುವವರ ಕಣ್ಣಿನ ಮಟ್ಟಕ್ಕೆ ಚೂಪು ತುದಿ ಬಾರದಂತೆ ಎತ್ತರ ನೋಡಿಕೊಳ್ಳಿ. ಬಾಡಿಗೆ ಮನೆಯಾದರೆ ಗೋಡೆಗೆ ಡ್ರಿಲ್ ಹಾಕುವ ಮುನ್ನ ಓನರ್ ಒಪ್ಪಿಗೆ ಪಡೆಯತಕ್ಕದ್ದು. ಗಿಟಾರು ತೂಗುಹಾಕಲು ಎಂದು ಹೇಳಿದರೆ ಸಾಕು, ಮೆಟಲ್ ಎಂದು ವಿವರಿಸುವ ಅಗತ್ಯವಿಲ್ಲ.