ಹುಳುಮನೆಯಲ್ಲಿ ಸೆನ್ಸರ್

(ಮಾಗಡಿ ಕಡೆಯ ಹಳ್ಳಿ. ವೈಟ್‌ಫೀಲ್ಡ್‌ನ ಟೆಕ್ಕಿ ಮಗ ಲ್ಯಾಪ್‌ಟಾಪ್ ಸಮೇತ ರೇಷ್ಮೆ ಹುಳು ಸಾಕುವ ಚಿಕ್ಕಪ್ಪನ ಮನೆಗೆ ಬಂದಿದ್ದಾನೆ. ಸಿಗ್ನಲ್ ಸಿಗುವುದು ತಿಪ್ಪೆ ಪಕ್ಕ ಮಾತ್ರ. ಕಂಪನಿ ಇದನ್ನೂ ‘ವರ್ಕ್ ಫ್ರಂ ಹೋಂ’ ಅಂತಲೇ ಲೆಕ್ಕ ಹಾಕುತ್ತದೆ.)

ಮಗ: ಚಿಕ್ಕಪ್ಪ, ಹುಳುಮನೆಗೆ ಸೆನ್ಸರ್ ಹಾಕಿದೀನಿ. ಒಳಗೆ ಎಷ್ಟು ಡಿಗ್ರಿ ಅಂತ ಮೊಬೈಲೇ ಹೇಳುತ್ತೆ.

ಚಿಕ್ಕಪ್ಪ: ಈಗ ಎಷ್ಟಂತೆ?

ಮಗ: ಓಟಿಪಿ ಬರ್ತಿಲ್ಲ, ತಿಪ್ಪೆ ಹತ್ರ ಹೋಗ್ಬರ್ತೀನಿ.

ಚಿಕ್ಕಮ್ಮ: (ಗೋಡೆಯ ಥರ್ಮಾಮೀಟರ್ ನೋಡಿ) 25.

ಮಗ: ಕ್ಯಾಮೆರಾನೂ ಇದೆ. ಹುಳ ತಿನ್ನೋದನ್ನ ಬೆಂಗಳೂರಲ್ಲೇ ಕೂತು ನೋಡ್ಬಹುದು!

ಚಿಕ್ಕಪ್ಪ: ನೀನು ನೋಡಿದ್ರೆ ಅವಕ್ಕೆ ಹೊಟ್ಟೆ ತುಂಬ್ತದೇನ್ಲಾ? ನಾಲ್ಕನೇ ಜ್ವರ ಎದ್ದು ಪೊರೆ ಬಿಟ್ಟವೆ. ಇನ್ನೊಂದು ವಾರ ಹಗಲೂ ರಾತ್ರಿ ಮೇಯ್ತವೆ. ಜನ್ಮದಲ್ಲಿ ತಿನ್ನೋ ಸೊಪ್ಪಲ್ಲಿ ನೂರಕ್ಕೆ 80 ಪಾಲು ಈಗ್ಲೇ ಬೇಕು. ಹೋಗು, ಕೊಯ್ಕೊಂಡು ಬಾ.

ಮಗ: ನಂಗೆ ಕಾಲ್ ಇದೆ.

(ಕಾಲ್ ಶುರು. “ಅಲ್ಲೇನು ಜೋರು ಮಳೆನಾ?” ಅಂತ ಮ್ಯಾನೇಜರ್. ಸಾವಿರಾರು ಹುಳ ಹಿಪ್ಪುನೇರಳೆ ಮೇಯುವ ಸದ್ದು ಅದು.)

ಚಿಕ್ಕಮ್ಮ: ಅವನ್ನ ಮ್ಯೂಟ್ ಮಾಡಾಕೆ ಬರಲ್ಲ ಕಣಪ್ಪ.

ಮಗ: ಇರ್ಲಿ, ಗೂಡು ಮಾರೋಕೆ ಒಂದು ಆ್ಯಪ್ ಮಾಡ್ಕೊಡ್ತೀನಿ.

ಚಿಕ್ಕಪ್ಪ: ರಾಮನಗರ ಮಾರ್ಕೆಟ್ಟಲ್ಲಿ ಈ-ಹರಾಜು ಬಂದು ವರ್ಷಗಳೇ ಆದ್ವು. ಲಾಟ್ ನಂಬರ್ ಕೊಡ್ತಾರೆ, ನೂಲು ತೆಗೆಯೋ ರೀಲರ್‌ಗಳು ಮೊಬೈಲಲ್ಲೇ ರೇಟ್ ಹಾಕ್ತಾರೆ. ಒಪ್ಪದಿದ್ರೆ ಬ್ಯಾಡ ಅಂತೀನಿ. ನಿನ್ನ ಅಪ್ರೈಸಲ್‌ನಲ್ಲಿ ಹಂಗೆ ಅನ್ನಕಾಗ್ತದಾ?

ಮಗ: ...ಕುಡ್ಲು ಎಲ್ಲಿಟ್ಟಿದೀರ, ಚಿಕ್ಕಪ್ಪ?